ಶತಮಾನೋತ್ಸವಕ್ಕೆ ಮುನ್ನ ಡಬ್ಬಗಳ ಲೆಕ್ಕ

ಏಪ್ರಿಲ್ ಬಂತೆಂದರೆ ಕನ್ನಡ ಚಿತ್ರರಂಗದ ಪಂಚಾಂಗದಲ್ಲಿ ಎರಡು ದಿನಗಳಿಗೆ ಗುರುತು ಬೀಳುತ್ತದೆ. 12 ಡಾ. ರಾಜ್‌ಕುಮಾರ್ ತೀರಿಕೊಂಡ ದಿನ, 24 ಹುಟ್ಟಿದ ದಿನ. ಕಂಠೀರವ ಸ್ಟುಡಿಯೋದ ಸಮಾಧಿಯ ಮುಂದೆ ಉದ್ದನೆಯ ಸಾಲು, ಬಡಾವಣೆಯ ಸಂಘದವರಿಂದ ಅನ್ನಸಂತರ್ಪಣೆ, ರಕ್ತದಾನ, ಆಟೋಗಳ ಮೇಲೆ ಹಳದಿ-ಕೆಂಪು ಬಾವುಟ. ಇವುಗಳ ಜೊತೆಗೆ ಯಾವುದೋ ಚಿತ್ರಮಂದಿರದಲ್ಲಿ, ಇಲ್ಲವೇ ಬಯಲಿನಲ್ಲಿ ಕಟ್ಟಿದ ಬಿಳಿ ಪರದೆಯ ಮೇಲೆ, ಅವರದೊಂದು ಹಳೆಯ ಚಿತ್ರ. ಮೊದಲಿನವೆಲ್ಲ ಯಾವ ಮಹನೀಯರ ಜಯಂತಿಗಾದರೂ ನಡೆಯುವಂಥವು. ನಟನೊಬ್ಬನಿಗೇ ಸಲ್ಲುವ ಮರ್ಯಾದೆ ಈ ಕೊನೆಯದು. ಅದರ ಲೆಕ್ಕವನ್ನೇ ನಾವು ಸರಿಯಾಗಿ ಇಟ್ಟಿಲ್ಲ.

2029ರ ಏಪ್ರಿಲ್ 24ಕ್ಕೆ ರಾಜ್ ಹುಟ್ಟಿ ನೂರು ವರ್ಷ. ಆ ಹೊತ್ತಿಗೆ ಸಮಿತಿಗಳು ಆಗುತ್ತವೆ, ಲಾಂಛನ ಬಿಡುಗಡೆಯಾಗುತ್ತದೆ, ಶುಭಾಶಯದ ಫ್ಲೆಕ್ಸುಗಳಲ್ಲಿ ರಾಜ್‌ಗಿಂತ ದೊಡ್ಡ ಮುಖಗಳು ಕಾಣಿಸಿಕೊಳ್ಳುತ್ತವೆ. ಅದೆಲ್ಲ ಶುರುವಾಗುವ ಮೊದಲೇ ಒಮ್ಮೆ ಹಿಂತಿರುಗಿ ನೋಡಿಕೊಳ್ಳುವುದು ಒಳ್ಳೆಯದು. ಇಷ್ಟು ವರ್ಷ ಈ ಚಿತ್ರಗಳನ್ನು ಹೇಗೆ ತೋರಿಸುತ್ತ ಬಂದೆವು, ಯಾವ ಸ್ಥಿತಿಯಲ್ಲಿ ತೋರಿಸಿದೆವು, ತೋರಿಸಲು ಇನ್ನೇನು ಉಳಿದಿದೆ?

ಹಿಂದೆ ‘ಮರುಬಿಡುಗಡೆ’ ಎಂದು ಯಾರೂ ವಿಶೇಷವಾಗಿ ಡಂಗುರ ಹೊಡೆಯುತ್ತಿರಲಿಲ್ಲ. ಪಿಕ್ಚರ್ ಎನ್ನುವುದು ಒಮ್ಮೆ ಬಂದು ಹೋಗುವ ಸರಕಾಗಿರಲಿಲ್ಲ. ಪ್ರಿಂಟುಗಳು ಕೆಲವೇ ಇರುತ್ತಿದ್ದವು. ಅವು ಮೊದಲು ಬೆಂಗಳೂರಿನ ಮೆಜೆಸ್ಟಿಕ್, ಮೈಸೂರು, ಹುಬ್ಬಳ್ಳಿಯಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರಕ್ಕೆ, ತಾಲ್ಲೂಕಿಗೆ, ಕೊನೆಗೆ ಹೋಬಳಿಯ ಟೂರಿಂಗ್ ಟಾಕೀಸಿಗೆ ಇಳಿಯುತ್ತಿದ್ದವು. ‘ಬಂಗಾರದ ಮನುಷ್ಯ’ 1972ರ ಮಾರ್ಚ್ 31ರಂದು ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲೇ ಎರಡು ವರ್ಷ ಓಡಿತು. ಅಲ್ಲಿ ಇನ್ನೂ ಹೊಸ ಚಿತ್ರವಾಗಿಯೇ ಓಡುತ್ತಿರುವಾಗ ಬೇರೆ ಊರುಗಳಲ್ಲಿ ಜನ ಅದನ್ನು ಎರಡನೇ, ಮೂರನೇ ಸಲ ನೋಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ಹೊಸ ಚಿತ್ರ ಸಿಗದ ವಾರಗಳಲ್ಲಿ, ಬೆಳಗಿನ ಆಟಕ್ಕೆ, ಹಂಚಿಕೆದಾರ ಧೈರ್ಯವಾಗಿ ಕೊಡುತ್ತಿದ್ದದ್ದು ರಾಜ್ ಡಬ್ಬಗಳನ್ನೇ.

ಇದರ ಪರಿಣಾಮವನ್ನು ನಾವು ಸಾಕಷ್ಟು ಗಮನಿಸಿಲ್ಲ. 1980ರ ಸುಮಾರಿಗೆ ಟೆಂಟಿನ ಮರಳ ಮೇಲೆ ಕೂತ ಹುಡುಗನಿಗೆ 1960ರ ‘ರಣಧೀರ ಕಂಠೀರವ’, 1968ರ ‘ಜೇಡರ ಬಲೆ’, 1975ರ ‘ಮಯೂರ’ ಎಲ್ಲವೂ ಒಂದೇ ವರ್ಷದಲ್ಲಿ ಬಂದವು. ಹಳೆಯದು, ಹೊಸದು ಎಂಬ ಭೇದ ಅವನಿಗೆ ತಿಳಿಯಲಿಲ್ಲ. ಕಪ್ಪು-ಬಿಳುಪಿನ ರಾಜ್, ಬಣ್ಣದ ರಾಜ್, ಪಿ.ಬಿ. ಶ್ರೀನಿವಾಸ್ ಕಂಠದ ರಾಜ್, 1974ರ ‘ಸಂಪತ್ತಿಗೆ ಸವಾಲ್’ ನಂತರ ತಾವೇ ಹಾಡಿಕೊಂಡ ರಾಜ್, ಎಲ್ಲರೂ ಅವನಿಗೆ ಏಕಕಾಲದಲ್ಲಿ ದಕ್ಕಿದರು. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಸಂಭಾಷಣೆಯನ್ನು ಬಾಯಿಪಾಠ ಹೇಳುವ ಸಂಗತಿಯನ್ನು ನಾವು ಸಾಮಾನ್ಯವಾಗಿ ‘ಅಭಿಮಾನ’ದ ಖಾತೆಗೆ ಬರೆದು ಸುಮ್ಮನಾಗುತ್ತೇವೆ. ಅದರ ಹಿಂದೆ ತೀರಾ ಲೌಕಿಕವಾದ ಈ ಬಾಡಿಗೆ ಡಬ್ಬಗಳ ವ್ಯಾಪಾರವೂ ಇತ್ತು. ಬಸ್ಸಿನ ಟಾಪಿನ ಮೇಲೆ ತರಕಾರಿ ಮೂಟೆಗಳ ಪಕ್ಕ ಊರಿಂದೂರಿಗೆ ಹೋದ ತಗಡಿನ ಪೆಟ್ಟಿಗೆಗಳು ಆ ಮೂರು ತಲೆಮಾರುಗಳನ್ನು ಒಂದೇ ಪರದೆಯ ಮುಂದೆ ಕೂರಿಸಿದವು.

ಆದರೆ ಆ ಸುತ್ತಾಟ ಪ್ರಿಂಟುಗಳನ್ನು ತಿಂದುಹಾಕಿತು. ರೀಲು ತುಂಡಾದಾಗಲೆಲ್ಲ ಆಪರೇಟರ್ ಹರಿದ ಕಡೆ ಎರಡು ಮೂರು ಚೌಕಟ್ಟು ಕತ್ತರಿಸಿ ಅಂಟಿಸುತ್ತಿದ್ದ. ಸೆಕೆಂಡಿಗೆ 24 ಚೌಕಟ್ಟು ಓಡುವ ಚಿತ್ರದಲ್ಲಿ ಮೂರು ಹೋದರೆ ನೋಡುವವರಿಗೆ ತಿಳಿಯುವುದಿಲ್ಲ; ಹತ್ತು ವರ್ಷ ಅದೇ ಜಾಗದಲ್ಲಿ ತುಂಡಾಗುತ್ತ ಬಂದರೆ ಮಾತಿನ ನಡುವೆ ರಾಜ್ ಇದ್ದಕ್ಕಿದ್ದಂತೆ ಬಾಗಿಲಿಂದ ಕುರ್ಚಿಗೆ ಹಾರುತ್ತಾರೆ. ಪ್ರೊಜೆಕ್ಟರ್‌ನ ಹಲ್ಲುಗಳು ಅಂಚಿನ ತೂತುಗಳನ್ನು ಹರಿದವು, ಧೂಳು ಗೀರು ಎಳೆಯಿತು. ‘ಪ್ರಿಂಟಲ್ಲಿ ಮಳೆ ಬರ್ತಿದೆ’ ಎಂದು ಪ್ರೇಕ್ಷಕರೇ ಗೊಣಗುತ್ತಿದ್ದರು. ಕತ್ತರಿಸಿ ಎಸೆದ ತುಂಡುಗಳಿಗೆ ಹುಡುಗರಲ್ಲಿ ಭಾರಿ ಬೇಡಿಕೆ. ಕ್ಯಾಬಿನ್ನಿನ ಮೆಟ್ಟಿಲ ಬಳಿ ಕಾದು, ಕಾಡಿ ಬೇಡಿ ತಂದ ಫಿಲ್ಮನ್ನು ನೀರು ತುಂಬಿದ ಬಲ್ಬಿನ ಹಿಂದೆ ಹಿಡಿದು, ಕನ್ನಡಿಯಿಂದ ಬಿಸಿಲು ಬಿಟ್ಟು, ಹಿತ್ತಲ ಗೋಡೆಯ ಮೇಲೆ ರಾಜ್ ಮುಖ ಮೂಡಿಸಿದ ಪೀಳಿಗೆ ಇನ್ನೂ ನಮ್ಮ ನಡುವೆ ಇದೆ. ಆ ಆನಂದಕ್ಕೆ ಬೆಲೆ ಕಟ್ಟಲಾಗದು. ಹಾಗೆ ಗೋಡೆಗೆ ಬಿದ್ದ ಚೌಕಟ್ಟುಗಳು ಯಾವುದೋ ಚಿತ್ರದಿಂದ ಕಾಣೆಯಾದವು ಎಂಬುದೂ ನಿಜ.

ಆಟ ಮುಗಿಸಿದ ಕಪ್ಪು-ಬಿಳುಪು ಪ್ರಿಂಟುಗಳಿಗೆ ಇನ್ನೊಂದು ದಾರಿಯಿತ್ತು. ಆ ಫಿಲ್ಮಿನ ಲೇಪನದಲ್ಲಿ ಬೆಳ್ಳಿ ಇರುತ್ತದೆ. ಬೆಳ್ಳಿ ತೆಗೆಯುವವರಿಗೆ ಕಿಲೋ ಲೆಕ್ಕದಲ್ಲಿ ಮಾರಿದರೆ ಗೋದಾಮಿನ ಬಾಡಿಗೆಯೂ ಉಳಿಯಿತು, ನಾಲ್ಕು ಕಾಸೂ ಬಂತು. ಭಾರತದ ಹಳೆಯ ಚಿತ್ರಗಳಲ್ಲಿ ಎಷ್ಟೋ ಹೀಗೆ ಕರಗಿದವು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇವತ್ತು ಇಲ್ಲ. ರಾಜ್ ನಾಯಕರಾಗಿ ಬಂದ ‘ಬೇಡರ ಕಣ್ಣಪ್ಪ’ ಅದಕ್ಕೆ ಕೇವಲ ಇಪ್ಪತ್ತು ವರ್ಷ ಚಿಕ್ಕದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಬೆಂಗಳೂರು ದೂರದರ್ಶನದ ಭಾನುವಾರದ ಚಿತ್ರ, 1994ರಲ್ಲಿ ಉದಯ ಟೀವಿ, ಆಮೇಲೆ ಸೀಡಿ, ಆಮೇಲೆ ಯೂಟ್ಯೂಬ್. ಈ ಕಥೆ ಎಲ್ಲರಿಗೂ ಗೊತ್ತು, ಎಳೆಯುವುದು ಬೇಡ. ಟೆಂಟುಗಳು ಹೋದವು, ಬೆಳಗಿನ ಆಟ ಹೋಯಿತು. ಇದರ ಮಧ್ಯೆ ಸದ್ದಿಲ್ಲದೆ ಆದ ಒಂದು ಬದಲಾವಣೆಯನ್ನು ಮಾತ್ರ ಹೇಳಬೇಕು. ಟೀವಿಗೆಂದು ಟೇಪಿಗೆ ಇಳಿಸಿದ, ಮಸುಕಾದ, ಮೂಲೆಯಲ್ಲಿ ವಾಹಿನಿಯ ಮುದ್ರೆಯಿರುವ ಪ್ರತಿಯೇ ಕ್ರಮೇಣ ‘ಚಿತ್ರ’ ಅನಿಸಿಕೊಂಡಿತು. ನಿರ್ಮಾಪಕರ ಮಕ್ಕಳಿಗೆ ಸ್ಯಾಟಲೈಟ್ ಹಕ್ಕು ಎಂದರೆ ರೊಕ್ಕ, ನೆಗೆಟಿವ್ ಎಂದರೆ ಯಾರೂ ಬಾಡಿಗೆ ಕಟ್ಟದ ಹಳೇ ಸಾಮಾನು. 1960, 70ರ ದಶಕದ ಕನ್ನಡ ಚಿತ್ರಗಳ ಕೆಲಸ ಬಹುಪಾಲು ನಡೆದದ್ದು ಮದರಾಸಿನಲ್ಲಿ, ನೆಗೆಟಿವ್‌ಗಳು ಉಳಿದದ್ದೂ ಅಲ್ಲಿನ ಲ್ಯಾಬ್‌ಗಳಲ್ಲಿ. ಡಿಜಿಟಲ್ ಬಂದು ಆ ಲ್ಯಾಬ್‌ಗಳ ಫಿಲ್ಮ್ ವಿಭಾಗಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಡಬ್ಬಗಳ ಗತಿ ಏನಾಯಿತೆಂದು ಬೆಂಗಳೂರಿನಿಂದ ಹೋಗಿ ವಿಚಾರಿಸಿದವರು ಬೆರಳೆಣಿಕೆಯಷ್ಟು.

ದೊಡ್ಡ ಪರದೆಗೆ ರಾಜ್ ಮತ್ತೆ ಸುದ್ದಿಯಾಗಿ ಮರಳಿದ್ದು 2008ರಲ್ಲಿ, ಬಣ್ಣ ಬಳಿದುಕೊಂಡು. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಆ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಲಾಯಿತು. ಹಿಂದಿಯ ‘ಮೊಘಲ್-ಎ-ಆಜಮ್’, ‘ನಯಾ ದೌರ್’ ನಂತರ ಇಂಥ ಪ್ರಯೋಗ ಕಂಡ ಭಾರತೀಯ ಚಿತ್ರ ಇದು. 2014ರ ನವೆಂಬರ್‌ನಲ್ಲಿ ‘ಕಸ್ತೂರಿ ನಿವಾಸ’ದ ಸರದಿ. ಕೆ.ಸಿ.ಎನ್. ಕುಟುಂಬದ ಈ ಸಾಹಸಕ್ಕೆ ಖರ್ಚು, ಶ್ರಮ ಎರಡೂ ಬೇಕಾಗಿದ್ದವು, ಜನ ಬಂದಾರೋ ಇಲ್ಲವೋ ಎಂಬ ಭಯವೂ ಇತ್ತು. ಜನ ಬಂದರು. ಹಳೆಯ ಚಿತ್ರಕ್ಕೆ ಟಿಕೆಟ್ ಕೊಂಡು ಬರುತ್ತಾರೆ ಎಂಬ ಧೈರ್ಯವನ್ನು ಕನ್ನಡದ ಮಾರುಕಟ್ಟೆಗೆ ಮರಳಿ ಕೊಟ್ಟದ್ದು ಈ ಎರಡು ಚಿತ್ರಗಳು. ಅದಕ್ಕೆ ಕೃತಜ್ಞತೆ ಸಲ್ಲಬೇಕು.

ಬಣ್ಣದ ಬಗ್ಗೆ ನಮ್ಮ ತಕರಾರು ಬೇರೆ. ‘ಕಸ್ತೂರಿ ನಿವಾಸ’ ನೆರಳಿನ ಚಿತ್ರ. ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ರವಿವರ್ಮ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತ ಹೋಗುವಾಗ ಆ ಮನೆಯ ಬೆಳಕೂ ಹಂತ ಹಂತವಾಗಿ ಕುಗ್ಗುತ್ತದೆ. ಕೊನೆಯಲ್ಲಿ ಜಯಂತಿಯವರ ಪಾತ್ರ ತನ್ನ ಮಗುವಿಗಾಗಿ ಪಾರಿವಾಳ ಕೇಳಲು ಬರುತ್ತದೆ. ಮನೆಗೆ ಬಂದವಳಿಗೆ ಬಡಿಸಲು ಏನೂ ಇಲ್ಲದೆ, ಆಕೆಯ ಊಟಕ್ಕಾಗಿ ಅದೇ ಪಾರಿವಾಳ ಮಾರಾಟವಾಗಿ ಹೋಗಿದೆ. ಅದನ್ನು ಹೇಳುವ ಮುಂಚಿನ ಕ್ಷಣಗಳಲ್ಲಿ ರಾಜ್ ಮುಖದ ಮೇಲೆ ಏನು ನಡೆಯುತ್ತದೆ ಎಂಬುದಷ್ಟೇ ಅಲ್ಲಿ ಮುಖ್ಯ. ಗೋಡೆಯ ಹಸಿರು, ಶಾಲಿನ ಕಂದು ಕಣ್ಣನ್ನು ಅತ್ತಿತ್ತ ಎಳೆದರೆ ನಷ್ಟ ನಟನದು. ಬಣ್ಣ ಹಚ್ಚುವ ಮುನ್ನ ಕಪ್ಪು-ಬಿಳುಪಿನ ಪ್ರತಿ ಚೌಕಟ್ಟಿನ ಗೀರು, ಧೂಳು ತೆಗೆದು ಶುಚಿ ಮಾಡಲೇಬೇಕಾಗುತ್ತದೆ. ಹಾಗೆ ಶುಚಿಯಾದ ಆ ಮೂಲರೂಪವನ್ನೂ ದಿನಕ್ಕೊಂದು ಆಟ ಹಾಕಬಹುದಿತ್ತು. ಎರಡನ್ನೂ ನೋಡಿ ತೀರ್ಮಾನಿಸುವಷ್ಟು ಬುದ್ಧಿ ನಮ್ಮ ಪ್ರೇಕ್ಷಕರಿಗಿದೆ.

ಬಣ್ಣಕ್ಕಿಂತ ದೊಡ್ಡ ಅನಾಹುತ ಆಗುತ್ತಿರುವುದು ‘ಸ್ಕೋಪ್’ ಎಂಬ ಹೆಸರಿನಲ್ಲಿ. ಹಳೆಯ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರ, ಅಗಲ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ. ಕನ್ನಡದಲ್ಲಿ ಸಿನಿಮಾಸ್ಕೋಪ್ ಬಂದದ್ದೇ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೂ ಹಿಂದಿನ ಚಿತ್ರವನ್ನು ಇವತ್ತಿನ ಅಗಲ ಪರದೆಯ ತುಂಬ ಹರಡಬೇಕಾದರೆ ಮೇಲೂ ಕೆಳಗೂ ಕತ್ತರಿ ಹಾಕಲೇಬೇಕು. ಲೆಕ್ಕ ಹಾಕಿ ನೋಡಿ: ಎತ್ತರದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗ ಮಾಯ. ಈಚೆಗೆ ನಾವು ಕೂತು ನೋಡಿದ ಒಂದು ಪೌರಾಣಿಕದ ಮರುಪ್ರದರ್ಶನದಲ್ಲಿ ರಾಜ್ ಕಿರೀಟ ಹಣೆಯಿಂದ ಮೇಲಕ್ಕೆ ಇರಲೇ ಇಲ್ಲ. ಆಸ್ಥಾನದಲ್ಲಿ ನಿಂತ ಮಂತ್ರಿಗಳಿಗೆ ಗಲ್ಲದಿಂದ ಮಂಡಿಯವರೆಗೆ ಮಾತ್ರ ಅಸ್ತಿತ್ವ. ಕೈ ಎತ್ತಿ ಶಪಿಸುವ ದೃಶ್ಯದಲ್ಲಿ ಕೈ ಪರದೆಯಿಂದಾಚೆ ಹೋಗಿ, ಶಾಪ ಮಾತ್ರ ಕೇಳಿಸಿತು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿ ಬಂದ ನಟ ಅಂಗಾಲಿನಿಂದ ಬೆರಳ ತುದಿಯವರೆಗೆ ಅಭಿನಯಿಸುತ್ತಾನೆ. ಅವನ ಕಾಲು ಕತ್ತರಿಸಿ, ಕೈ ಕತ್ತರಿಸಿ, ‘ಹೊಸ ತಂತ್ರಜ್ಞಾನದಲ್ಲಿ’ ಎಂದು ಪೋಸ್ಟರಿನ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿಸುವುದು ಯಾವ ಸೀಮೆಯ ಅಭಿಮಾನವೋ! ಪರದೆಯ ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ.

ಧ್ವನಿಯದೂ ಇದೇ ಪಾಡು. ಮೂಲದ ಒಂದೇ ಎಳೆಯ ಶಬ್ದವನ್ನು ಬಿಡಿಸಿ ಆರು ಸ್ಪೀಕರುಗಳಿಗೆ ಹಂಚುವ ಉತ್ಸಾಹದಲ್ಲಿ ಕತ್ತಿಯ ಖಣಖಣ, ಗುಡುಗು ಹೊಸದಾಗಿ ಸೇರುತ್ತವೆ, ಜಿ.ಕೆ. ವೆಂಕಟೇಶ್ ಅಥವಾ ರಾಜನ್-ನಾಗೇಂದ್ರ ಅಷ್ಟು ಯೋಚಿಸಿ ಇಟ್ಟ ಮೌನ ತುಂಬಿಹೋಗುತ್ತದೆ.

ನೆರೆಯ ಚೆನ್ನೈಯಲ್ಲಿ ಏನಾಯಿತೆಂದು ನೋಡಿದರೆ ನಮಗೆ ಸಂಬಂಧಿಸಿದ ಒಂದು ಸಂಗತಿ ಸಿಗುತ್ತದೆ. ಶಿವಾಜಿ ಗಣೇಶನ್ ಅವರ 1964ರ ‘ಕರ್ಣನ್’ 2012ರ ಮಾರ್ಚ್‌ನಲ್ಲಿ ಡಿಜಿಟಲ್ ರೂಪದಲ್ಲಿ ಮರಳಿ ಬಂದು ನೂರು ದಿನ ದಾಟಿ ಓಡಿತು. 2014ರಲ್ಲಿ ಎಂ.ಜಿ.ಆರ್. ಅವರ ‘ಆಯಿರತ್ತಿಲ್ ಒರುವನ್’ ಕೂಡ ಅದೇ ದಾರಿಯಲ್ಲಿ ಗೆದ್ದಿತು. ಎರಡನ್ನೂ ನಿರ್ದೇಶಿಸಿದವರು ಬಿ.ಆರ್. ಪಂತುಲು, ನಮ್ಮ ಕೋಲಾರ ಜಿಲ್ಲೆಯವರು. ಅವರೇ ರಾಜ್ ಜೊತೆ 1970ರಲ್ಲಿ ‘ಶ್ರೀ ಕೃಷ್ಣದೇವರಾಯ’ ಮಾಡಿ, ತಾವೇ ತಿಮ್ಮರಸುವಾಗಿ ನಟಿಸಿದರು. ಅದಕ್ಕೂ ಮೊದಲು ‘ಕಿತ್ತೂರು ಚೆನ್ನಮ್ಮ’ದಲ್ಲಿ ರಾಜ್‌ಗೆ ಮಲ್ಲಸರ್ಜನ ಪಾತ್ರ ಕೊಟ್ಟರು. ಪಂತುಲು ಅವರ ತಮಿಳು ಚಿತ್ರಗಳಿಗೆ ಸಿಕ್ಕ ಪುನರ್ಜನ್ಮ ಅವರ ಕನ್ನಡ ಚಿತ್ರಗಳಿಗೆ ಆ ಪ್ರಮಾಣದಲ್ಲಿ ಸಿಗಲಿಲ್ಲ. ಬಣ್ಣದ ‘ಶ್ರೀ ಕೃಷ್ಣದೇವರಾಯ’ವನ್ನು ಈಗಿನ ಒಳ್ಳೆಯ ಪರದೆಯ ಮೇಲೆ ಸರಿಯಾದ ವರ್ಣದಲ್ಲಿ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕಿದೆ? ಆ ಕಾಲದ ಬಣ್ಣದ ಪ್ರಿಂಟುಗಳಿಗೆ ಒಂದು ರೋಗವಿದೆ. ನೀಲಿ, ಹಸಿರು ಮೊದಲು ಮಾಸಿ, ಉಳಿದದ್ದೆಲ್ಲ ಗುಲಾಬಿಗೆ ತಿರುಗುತ್ತದೆ. ‘ಬಂಗಾರದ ಮನುಷ್ಯ’ದ ರಾಜೀವನ ಹೊಲದ ಪೈರು ಕೆಂಪಗೆ ಕಂಡದ್ದು ಹಲವರ ನೆನಪಿನಲ್ಲಿರಬಹುದು.

ಕನ್ನಡದಲ್ಲಿ ಈ ಹೊರೆಯನ್ನು ಹೊತ್ತದ್ದು ಹೆಚ್ಚಾಗಿ ಒಂಟಿ ಸಾಹಸಿಗಳು. ಹಂಚಿಕೆ ಮಾಡಿಕೊಂಡಿದ್ದ ಅಭಿಮಾನಿಗಳು ಕೈಯಿಂದ ಹಣ ಹಾಕಿ ‘ಆಪರೇಷನ್ ಡೈಮಂಡ್ ರಾಕೆಟ್’, ‘ಹುಲಿಯ ಹಾಲಿನ ಮೇವು’, ‘ದಾರಿ ತಪ್ಪಿದ ಮಗ’ದಂಥ ಚಿತ್ರಗಳನ್ನು ಡಿಜಿಟಲ್‌ಗೆ ತಂದರು. 1977ರಲ್ಲಿ ದ್ವಾರಕೀಶ್ ನಿರ್ಮಿಸಿ ಭಾರ್ಗವ ನಿರ್ದೇಶಿಸಿದ್ದ ‘ಭಾಗ್ಯವಂತರು’ 2022ರಲ್ಲಿ ಹೀಗೆಯೇ ಮತ್ತೆ ಬಂತು. ಇವರ ಕೆಲಸದಲ್ಲಿ ಕುಂದು ಹುಡುಕುವುದು ಸುಲಭ. ಆದರೆ ಇವರೂ ಇಲ್ಲದಿದ್ದರೆ ಈ ಹದಿನೈದು ವರ್ಷದ ಲೆಕ್ಕದ ಪುಸ್ತಕ ಬಹುತೇಕ ಖಾಲಿ. ಕೈಗೆ ಸಿಕ್ಕ ಪಾಸಿಟಿವ್ ಪ್ರಿಂಟಿನಿಂದಲೋ, ಯಾವುದೋ ಟೇಪಿನಿಂದಲೋ ಆದಷ್ಟು ಚೊಕ್ಕ ಮಾಡಿ ಪರದೆಗೆ ಮುಟ್ಟಿಸಿದರು. ನೆಗೆಟಿವ್ ಹುಡುಕಿ, 4ಕೆ ಸ್ಕ್ಯಾನ್ ಮಾಡಿ, ತಿಂಗಳುಗಟ್ಟಲೆ ಕೂತು ಸರಿಪಡಿಸುವ ಖರ್ಚು ಒಬ್ಬ ಅಭಿಮಾನಿಯ ಜೇಬಿಗೆ ಮೀರಿದ್ದು.

2021ರ ಅಕ್ಟೋಬರ್ 29ರಂದು ರಾಜ್ ಮಗ ಪುನೀತ್ ತೀರಿಕೊಂಡ ನಂತರ ಮರುಬಿಡುಗಡೆಗೆ ಇನ್ನೊಂದು ಅರ್ಥ ಬಂತು. ಪುನೀತ್ ಹುಟ್ಟುಹಬ್ಬದ ನೆಪದಲ್ಲಿ 2024ರ ಮಾರ್ಚ್‌ನಲ್ಲಿ ‘ಜಾಕಿ’, 2025ರ ಮಾರ್ಚ್‌ನಲ್ಲಿ ‘ಅಪ್ಪು’ ತೆರೆಗೆ ಬಂದಾಗ ಹೊಸ ಚಿತ್ರಗಳೇ ಅಸೂಯೆಪಡುವ ಜನಸಂದಣಿ. ಕುಣಿತ, ಕಾಗದದ ಚೂರು, ಹಾಡು ಬಂದಾಗ ಪರದೆಯ ಮುಂದೆ ಮೊಬೈಲ್ ಬೆಳಕು, ಅಳು. ಇದರ ಬಿಸಿ ರಾಜ್ ಚಿತ್ರಗಳಿಗೂ ತಟ್ಟಿದೆ, ಹುಡುಗರು ಬರುತ್ತಿದ್ದಾರೆ. ಜೊತೆಗೇ ಒಂದು ನಷ್ಟವೂ ಇದೆ. ರಾಜ್ ಚಿತ್ರಗಳನ್ನು ಅವುಗಳ ಕಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದವರಲ್ಲಿ ಮ್ಯಾಟಿನಿಗೆ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದ ಹೆಂಗಸರ ಪಾಲು ದೊಡ್ಡದು. ಇವತ್ತಿನ ಮರುಪ್ರದರ್ಶನ ಗಂಡಸರ ಶಿಳ್ಳೆಯ ಹಬ್ಬ. ಬೆಳಗಿನ ಜಾವದ ‘ಫ್ಯಾನ್ಸ್ ಶೋ’ಗೆ ಅರವತ್ತು ದಾಟಿದ ತಾಯಿಯನ್ನು ಕರೆದೊಯ್ಯುವ ಧೈರ್ಯ ಎಷ್ಟು ಮಕ್ಕಳಿಗಿದೆ? ಆಕೆ ‘ಎರಡು ಕನಸು’ ನೋಡಬೇಕೆಂದರೆ ಮನೆಯ ಟೀವಿಯೇ ಗತಿ.

ಚಿತ್ರಮಂದಿರಗಳ ಮಾತು ಬಂದರೆ ಪಟ್ಟಿ ಶ್ರದ್ಧಾಂಜಲಿಯಂತೆ ಓದಿಸಿಕೊಳ್ಳುತ್ತದೆ. ಎರಡು ವರ್ಷ ಒಂದೇ ಚಿತ್ರ ಓಡಿಸಿದ ಸ್ಟೇಟ್ಸ್ ಎಂಬ ಹೆಸರೇ ಈಗ ಇಲ್ಲ. ಕಪಾಲಿ ಇಲ್ಲ, ಸಾಗರ್ ಇಲ್ಲ. ಮೈಸೂರಿನ ಶಾಂತಲಾ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿತು. ಮಲ್ಟಿಪ್ಲೆಕ್ಸಿನವರು ಹಳೆಯ ಚಿತ್ರಕ್ಕೆ ಕೊಡುವುದು ಕೆಲಸದ ದಿನದ ಬೆಳಗಿನ ಹತ್ತರ ಆಟ. ಜನ ಬರಲಿಲ್ಲ ಎಂದು ಎರಡೇ ದಿನಕ್ಕೆ ತೆಗೆಯುತ್ತಾರೆ, ಆ ಹೊತ್ತಿಗೆ ಬರಬೇಕಾದ ಜನ ಕಚೇರಿಯಲ್ಲೋ ಅಡುಗೆಮನೆಯಲ್ಲೋ ಇರುತ್ತಾರೆ. ಇದ್ದುದರಲ್ಲಿ ಸಮಾಧಾನ ಕೊಡುವುದು ಬಯಲು ಪ್ರದರ್ಶನಗಳು ಮತ್ತು ಮೈಸೂರು ದಸರಾ ಚಲನಚಿತ್ರೋತ್ಸವದಂಥ ಸಂದರ್ಭಗಳು. ಅಲ್ಲಿ ಮನೆಮಂದಿಯೆಲ್ಲ ಕೂರುತ್ತಾರೆ.

ಇನ್ನು ಯಾವ ಚಿತ್ರಗಳನ್ನು ತೋರಿಸುತ್ತೇವೆ ಎಂಬ ಪ್ರಶ್ನೆ. ನಮ್ಮ ಮುಖ್ಯ ಅಸಮಾಧಾನ ಇಲ್ಲಿದೆ. 200ಕ್ಕೂ ಹೆಚ್ಚು ಚಿತ್ರಗಳಲ್ಲಿ ಸುತ್ತಿಸುತ್ತಿ ಬರುವುದು ಅದೇ ಒಂದು ಡಜನ್: ‘ಮಯೂರ’, ‘ಬಭ್ರುವಾಹನ’, ‘ಗಂಧದಗುಡಿ’, ‘ಬಂಗಾರದ ಮನುಷ್ಯ’, ಒಂದೆರಡು ಸಿ.ಐ.ಡಿ. ಚಿತ್ರಗಳು. ಚಪ್ಪಾಳೆಗೆ ಮೊದಲೇ ಜಾಗ ಗುರುತಾಗಿರುವ ಚಿತ್ರಗಳನ್ನೇ ಆರಿಸುತ್ತೇವೆ. ಇದರಿಂದ ಹೊಸ ಪೀಳಿಗೆಗೆ ತಲುಪುತ್ತಿರುವ ರಾಜ್ ಒಬ್ಬ ಸಿಂಹಾಸನದ ಮನುಷ್ಯ. ಕಂಚಿನ ಕಂಠ, ಎತ್ತಿದ ತೋಳು. ಎನ್. ಲಕ್ಷ್ಮೀನಾರಾಯಣ್ ಅವರ 1964ರ ‘ನಾಂದಿ’ಯಲ್ಲಿ ಮಾತು ಬಾರದ, ಕಿವಿ ಕೇಳದ ಹೆಂಡತಿಯೊಂದಿಗೆ ಬಾಳು ಕಟ್ಟಿಕೊಳ್ಳುವ ಮೇಷ್ಟರು ಅವರಿಗೆ ಗೊತ್ತಿಲ್ಲ. ಅಲ್ಲಿ ರಾಜ್ ದನಿ ಎತ್ತುವುದೇ ಅಪರೂಪ. ಹರಿಣಿಯವರ ಮುಖ ನೋಡುತ್ತ, ತಾವು ಹೇಳಿದ್ದು ಆಕೆಗೆ ತಲುಪಿತೇ ಎಂದು ಕಾಯುವುದರಲ್ಲೇ ಅರ್ಧ ಅಭಿನಯ. ಅ.ನ.ಕೃ. ಕಾದಂಬರಿಯ ‘ಸಂಧ್ಯಾರಾಗ’, ಅದರಲ್ಲಿ ಭೀಮಸೇನ ಜೋಶಿಯವರ ಗಾಯನ, ತ.ರಾ.ಸು. ಅವರ ‘ಚಂದವಳ್ಳಿಯ ತೋಟ’. ಕೃಷ್ಣಮೂರ್ತಿ ಪುರಾಣಿಕರ ‘ಕುಲವಧು’. ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’. ಚದುರಂಗರೇ ನಿರ್ದೇಶಿಸಿದ ‘ಸರ್ವಮಂಗಳಾ’. ಕನ್ನಡ ಕಾದಂಬರಿ ಮತ್ತು ಕನ್ನಡ ಚಿತ್ರ ಒಂದೇ ತಟ್ಟೆಯಲ್ಲಿ ಉಂಡ ಕಾಲದ ಈ ಚಿತ್ರಗಳಿಗೆ ಶಿಳ್ಳೆ ಬೀಳುವುದಿಲ್ಲ ನಿಜ. ಶಿಳ್ಳೆಯೊಂದೇ ಮಾನದಂಡವಾದರೆ ಈ ನಟನ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತಲೆಯಲ್ಲೇ ಉಳಿಯುತ್ತದೆ.

ಬೇರೆಯವರು ಹೇಗೆ ಮಾಡಿದರು? ಫಿಲ್ಮ್ ಹೆರಿಟೇಜ್ ಫೌಂಡೇಶನ್ 2022ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ಅವರಿಗೆ 80 ತುಂಬಿದಾಗ 11 ಚಿತ್ರಗಳನ್ನು 17 ನಗರಗಳಲ್ಲಿ ತೋರಿಸಿತು. ಅದೇ ಡಿಸೆಂಬರ್‌ನಲ್ಲಿ ದಿಲೀಪ್ ಕುಮಾರ್, 2023ರಲ್ಲಿ ದೇವ್ ಆನಂದ್, 2024ರ ಸೆಪ್ಟೆಂಬರ್‌ನಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಶತಮಾನೋತ್ಸವಕ್ಕೆ ಅವರ 10 ತೆಲುಗು ಚಿತ್ರಗಳು. ಡಿಸೆಂಬರ್‌ನಲ್ಲಿ ರಾಜ್ ಕಪೂರ್ ನೂರು: 10 ಚಿತ್ರ, 40 ಊರು, 135 ಚಿತ್ರಮಂದಿರ, ಟಿಕೆಟ್ಟಿಗೆ 100 ರೂಪಾಯಿ. ಒಂದು ವಾರಾಂತ್ಯ, ನಿಗದಿಯಾದ ಚಿತ್ರಗಳು, ಅಗ್ಗದ ದರ, ಸಂಜೆಯ ಆಟ. ಇದರಲ್ಲಿ ಮಂತ್ರವಿದ್ಯೆಯೇನೂ ಇಲ್ಲ. ಆದರೆ ಆ ವಾರಾಂತ್ಯಗಳ ಹಿಂದೆ ತೋರಿಸಬಲ್ಲ ಪ್ರತಿಗಳನ್ನು ಹುಡುಕಿ, ಸರಿಪಡಿಸಿಟ್ಟುಕೊಂಡ ವರ್ಷಗಳ ದುಡಿಮೆ ಇತ್ತು.

ಇದೇ ಫೌಂಡೇಶನ್ನಿನ ಕೈಯಲ್ಲಿ ಒಂದು ಕನ್ನಡ ಚಿತ್ರಕ್ಕೂ ಮರುಜೀವ ಬಂದಿದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವಿನಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಸರಿಪಡಿಸಲ್ಪಟ್ಟು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು. ಅಲ್ಪ ವೆಚ್ಚದಲ್ಲಿ ತಯಾರಾದ, ಟೆಂಟುಗಳನ್ನು ಹೆಚ್ಚಾಗಿ ಕಾಣದ ಚಿತ್ರ ಈ ದರ್ಜೆಯಲ್ಲಿ ಉಳಿದುಕೊಂಡಿತು. ಅದೇ ವರ್ಷ ಬಂದು ಕೋಟ್ಯಂತರ ಜನ ನೋಡಿದ ‘ಬಭ್ರುವಾಹನ’, ‘ಸನಾದಿ ಅಪ್ಪಣ್ಣ’ ಆ ದರ್ಜೆಯ ಪ್ರತಿಯಿಲ್ಲದೆ ಕೂತಿವೆ. ಕಾರಣ ಸರಳ. ಪ್ರಶಸ್ತಿ ಪಡೆದ ಚಿತ್ರ ಆರ್ಕೈವಿಗೆ ಹೋಗುತ್ತಿತ್ತು, ಗೆದ್ದ ಚಿತ್ರ ಗೋದಾಮಿಗೆ. ಜನಪ್ರಿಯತೆಯೇ ಒಂದು ಬಗೆಯ ಕಾವಲು ಎಂದು ಎಲ್ಲರೂ ನಂಬಿದ್ದರು.

ಈಗ ಕಾನೂನಿನ ಒಂದು ಲೆಕ್ಕ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೇ ಮುಗಿದಿದೆ. ರಾಜ್ ಅವರ ನೂರನೇ ಚಿತ್ರ ‘ಭಾಗ್ಯದ ಬಾಗಿಲು’ ಬಂದದ್ದು 1968ರಲ್ಲಿ, ಅದರ ಹಕ್ಕು 2028ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಎಂದರೆ ಶತಮಾನೋತ್ಸವದ ದಿನ ಬೆಳಗಾಗುವ ಹೊತ್ತಿಗೆ ಅವರ ಮೊದಲ ನೂರು ಚಿತ್ರಗಳು ಸಾರ್ವಜನಿಕರ ಸ್ವತ್ತು. ಕಾದಂಬರಿ, ಹಾಡುಗಳ ಹಕ್ಕಿನ ಲೆಕ್ಕ ಬೇರೆಯಿದ್ದೀತು; ಆದರೂ ಚಿತ್ರವಾಗಿ ಅವನ್ನು ಊರ ಶಾಲೆಯ ಅಂಗಳದಲ್ಲಿ ತೋರಿಸಲು ಯಾರ ಮನೆ ಬಾಗಿಲಿಗೂ ಅಲೆಯಬೇಕಾಗಿಲ್ಲ. ಇಷ್ಟು ದಿನ ‘ಹಕ್ಕಿನ ತೊಡಕು’ ಎಂದು ಕೈ ತೊಳೆದುಕೊಳ್ಳುತ್ತಿದ್ದವರಿಗೆ ಆ ನೆವವೂ ಇರುವುದಿಲ್ಲ. ಆದರೆ ಕಾನೂನು ಕೊಡುವುದು ತೋರಿಸುವ ಹಕ್ಕನ್ನು ಮಾತ್ರ. ಡಬ್ಬ ಎಲ್ಲಿದೆ, ತೆರೆದರೆ ಒಳಗೆ ಏನಿದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೆಂಚಿನ ಮಾಡಿನ ಕೆಳಗೆ, ಬೇಸಿಗೆಯ ಧಗೆಯಲ್ಲಿ ಬಿದ್ದ ಅಸಿಟೇಟ್ ಫಿಲ್ಮು ವಿನೆಗರ್ ವಾಸನೆ ಬಿಡಲು ಶುರು ಮಾಡಿತೆಂದರೆ ಕೊಳೆಯುವಿಕೆ ತನ್ನನ್ನು ತಾನೇ ಚುರುಕುಗೊಳಿಸಿಕೊಳ್ಳುತ್ತದೆ, ಪಕ್ಕದ ಡಬ್ಬಕ್ಕೂ ಹಬ್ಬುತ್ತದೆ. ಸುರುಳಿ ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಬಿಚ್ಚಲೂ ಬಾರದ ಗಟ್ಟಿಯಾಗುತ್ತದೆ. ಆಮೇಲೆ ಎಂಥ ಯಂತ್ರ ತಂದರೂ ಪ್ರಯೋಜನವಿಲ್ಲ.

ಸರ್ಕಾರ ಕಣ್ಣು ಮುಚ್ಚಿದೆ ಎಂದು ಪೂರ್ತಿ ಹೇಳುವಂತಿಲ್ಲ. 2025-26ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆಂದು 3 ಕೋಟಿ ರೂಪಾಯಿ ಘೋಷಣೆಯಾಯಿತು. ಅದೇ ಬಜೆಟ್ಟಿನಲ್ಲಿ ಮೈಸೂರಿನ ಫಿಲ್ಮ್ ಸಿಟಿಗೆ ಖಾಸಗಿ ಸಹಭಾಗಿತ್ವದ 500 ಕೋಟಿಯ ಯೋಜನೆ. ಮುಂದೆ ತೆಗೆಯಲಿರುವ ಚಿತ್ರಗಳಿಗೂ ತೆಗೆದಾಗಿರುವ ಚಿತ್ರಗಳಿಗೂ ನಾವು ಕೊಡುವ ತೂಕ ಈ ಎರಡು ಅಂಕಿಗಳಲ್ಲಿದೆ. ಇರಲಿ, 3 ಕೋಟಿಯೂ ಸಣ್ಣದಲ್ಲ, ಸರಿಯಾದ ಕ್ರಮದಲ್ಲಿ ಖರ್ಚಾದರೆ. ಕಟ್ಟಡ ಕಟ್ಟಿ, ನಾಮಫಲಕ ಹಾಕಿ, ಯೂಟ್ಯೂಬಿನಿಂದ ಇಳಿಸಿದ ಪ್ರತಿಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿ ಉದ್ಘಾಟಿಸಿದರೆ ಆ ಹಣ ಹೋದಂತೆಯೇ.

ಮೊದಲು ಆಗಬೇಕಾದ ಕೆಲಸಕ್ಕೆ ಕಟ್ಟಡವೂ ಬೇಡ, ಸಮಿತಿಯೂ ಬೇಡ. ಫಿಲ್ಮ್ ಮುಟ್ಟಿ ಗೊತ್ತಿರುವ ಇಬ್ಬರು ಮೂವರನ್ನು ಚೆನ್ನೈಗೆ, ಪುಣೆಗೆ, ಗಾಂಧಿನಗರದ ಹಳೆಯ ಕಚೇರಿಗಳಿಗೆ, ನಿರ್ಮಾಪಕರ ವಾರಸುದಾರರ ಮನೆಗಳಿಗೆ ಕಳಿಸಿ, ಯಾವ ಚಿತ್ರದ ಯಾವ ರೀಲು ಎಲ್ಲಿ, ಯಾವ ಸ್ಥಿತಿಯಲ್ಲಿದೆ ಎಂದು ಬರೆಸುವುದು. ನೆಗೆಟಿವ್ ಇದ್ದರೆ ನೆಗೆಟಿವ್, ಇಲ್ಲದಿದ್ದರೆ ಒಳ್ಳೆಯ ಪ್ರಿಂಟು, ಅದೂ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು. ಆ ಪಟ್ಟಿ ಕೈಗೆ ಬಂದ ಮೇಲೆ ಅದರಿಂದ ಹತ್ತೇ ಚಿತ್ರ ಆರಿಸಿ, ಅವುಗಳಲ್ಲಿ ಕನಿಷ್ಠ ಐದು ಶಿಳ್ಳೆ ಬೀಳದಂಥವು ಇರಲಿ, ಮೂಲದ ಚೌಕಟ್ಟಿನಲ್ಲಿ, ಮೂಲದ ಧ್ವನಿಯಲ್ಲಿ ಸಿದ್ಧಪಡಿಸಬಹುದು. ಒಂದು ಚಿತ್ರವನ್ನು ನೆಗೆಟಿವ್‌ನಿಂದ ಸರಿಯಾಗಿ ಎತ್ತಲು ವರ್ಷವೇ ಬೇಕಾಗುವುದುಂಟು. 2029ರಿಂದ ಹಿಂದಕ್ಕೆ ಎಣಿಸಿದರೆ ಚೆನ್ನೈಗೆ ಹೋಗುವವರ ಟಿಕೆಟ್ ಇಷ್ಟರಲ್ಲೇ ಬುಕ್ ಆಗಬೇಕು.